ಅಜ್ಜಿಯ ಪೇಪರ್ ಪ್ಲೇಟು: ಒಂದು ಕಿರುಚಿತ್ರದ ಊಟದ ದೃಶ್ಯ ಬದಲಾದ ಬಗೆ

ಇದು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ತಯಾರಾದ ಒಂದು ಕಿರುಚಿತ್ರದ ಕಥೆ. ಅದರಲ್ಲಿ ಪ್ರಾಪ್ಸ್ ನನ್ನ ಕೆಲಸವಾಗಿತ್ತು. ತೆರೆಯ ಮೇಲೆ ಕಾಣುವ ತಟ್ಟೆ, ಲೋಟ, ಊಟ, ಮೇಣದಬತ್ತಿ ಎಲ್ಲವನ್ನೂ ಹೊಂದಿಸಿ ಕೊಡುವುದು. ತಂಡದವರ ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಊಟದ ವಿಷಯದಲ್ಲಿ ಮಾತ್ರ ಏನನ್ನೂ ಬದಲಿಸಿಲ್ಲ. ಯಾಕಂದ್ರೆ ಇಲ್ಲಿ ಕಲಿಯುವುದಕ್ಕೆ ಏನಾದರೂ ಇದ್ದರೆ ಅದು ಊಟದಲ್ಲೇ ಇದೆ.

ಹಿನ್ನೆಲೆ

ನಿರ್ದೇಶಕಿ ಯಹೂದಿ ಮನೆತನದವರು. ಧರ್ಮ, ಆಚರಣೆ ಅಂತ ಜಾಸ್ತಿ ತಲೆ ಕೆಡಿಸಿಕೊಂಡವರಲ್ಲ. ಪೂರ್ವ ಯುರೋಪಿನಿಂದ ಬಂದ ಅಜ್ಜಿಯ ನೆನಪಿನಲ್ಲಿ 15 ನಿಮಿಷದ ಒಂದು ಚಿತ್ರ ಮಾಡಬೇಕು ಅನ್ನೋದು ಅವರ ಆಸೆ. ಕಥೆ ಸರಳ. ಡಿಸೆಂಬರ್ ತಿಂಗಳ ಒಂದು ಶುಕ್ರವಾರ ಸಂಜೆ ಮೊಮ್ಮಗ ಅಜ್ಜಿಯ ಮನೆಗೆ ಊಟಕ್ಕೆ ಬರುತ್ತಾನೆ. ಜೊತೆಗೆ ಅವನು ಮದುವೆಯಾಗಬೇಕೆಂದಿರುವ ಹುಡುಗಿ. ಅವಳು ಯಹೂದಿ ಅಲ್ಲ. ಊಟದ ಮೇಜಿನಲ್ಲಿ ವಿಷಯ ಹೊರಗೆ ಬರುತ್ತದೆ.

ಅಮೆರಿಕದ ಸಿನಿಮಾ, ಟೀವಿ ನೋಡುವವರಿಗೆ ಈ ಮೇಜು ಹೊಸದಲ್ಲ. ಪಾತ್ರ ಯಹೂದಿ ಅಂತ ತಿಳಿಸುವುದಕ್ಕೆ ಮಾತಿಗಿಂತ ಮೊದಲು ಊಟವನ್ನು ಮುಂದೆ ಮಾಡುವುದು ಅಲ್ಲಿನ ಹಳೇ ರೂಢಿ. ಒಳ್ಳೆಯವರ ಕೈಯಲ್ಲಿ ಅದು ಬಹಳ ಚೆನ್ನಾಗಿಯೂ ಬಂದಿದೆ. 1977ರ ‘ಆನಿ ಹಾಲ್’ನಲ್ಲಿ ನಾಯಕ ತನ್ನ ಗೆಳತಿಯ ಮನೆಗೆ ಈಸ್ಟರ್ ಊಟಕ್ಕೆ ಹೋಗುತ್ತಾನೆ. ಮೇಜಿನ ಮೇಲೆ ಹಂದಿ ಮಾಂಸದ ಹ್ಯಾಮ್. ಎಲ್ಲರೂ ಮೆಲ್ಲಗೆ, ಮರ್ಯಾದೆಯಾಗಿ ಮಾತಾಡುತ್ತಾ ತಿನ್ನುತ್ತಿದ್ದಾರೆ. ಇದ್ದಕ್ಕಿದ್ದಂತೆ ತೆರೆ ಎರಡಾಗಿ, ಆ ಕಡೆ ನಾಯಕನ ಸ್ವಂತ ಮನೆಯವರು ಕಾಣಿಸುತ್ತಾರೆ. ಒಬ್ಬರ ಮೇಲೊಬ್ಬರು ಮಾತಾಡುತ್ತಾ, ಕೈ ಚಾಚಿ ಬಡಿಸಿಕೊಳ್ಳುತ್ತಾ ಊಟ ಮಾಡುತ್ತಿರುತ್ತಾರೆ. 2017ರಲ್ಲಿ ಶುರುವಾದ ‘ದ ಮಾರ್ವೆಲಸ್ ಮಿಸೆಸ್ ಮೈಸೆಲ್’ ಸರಣಿ ತೆರೆದುಕೊಳ್ಳುವುದೇ ಒಂದು ಮದುವೆ ಊಟದಲ್ಲಿ. ಮದುಮಗಳು ಮೈಕಿನ ಮುಂದೆ ನಿಂತು, ಎಗ್ ರೋಲಿನಲ್ಲಿ ಸೀಗಡಿ ಇದೆ ಅಂತ ಎಲ್ಲರ ಮುಂದೆ ಹೇಳಿಬಿಡುತ್ತಾಳೆ. ಸಭೆಯಲ್ಲಿ ಕೋಲಾಹಲ. ಮನೆಯವರು ತಮ್ಮ ಧರ್ಮಗುರು ರಬ್ಬಿಯನ್ನು ಮತ್ತೆ ಒಲಿಸಿಕೊಳ್ಳುವುದಕ್ಕೆ ಮುಂದೆ ವರ್ಷಗಳೇ ಹಿಡಿಯುತ್ತವೆ.

ಸೀಗಡಿಗೆ ಯಾಕಿಷ್ಟು ಗಲಾಟೆ? ಯಹೂದಿ ಆಹಾರ ನಿಯಮದ ಪ್ರಕಾರ ನೀರಿನಲ್ಲಿ ಬದುಕುವ ಜೀವಿಗಳಲ್ಲಿ ರೆಕ್ಕೆ ಮತ್ತು ಹುರುಪೆ ಎರಡೂ ಇರುವುದನ್ನು ಮಾತ್ರ ತಿನ್ನಬಹುದು. ಸೀಗಡಿ, ಏಡಿ ಇಲ್ಲ. ಹಂದಿ ಇಲ್ಲ. ಮಾಂಸ ಮತ್ತು ಹಾಲು ಒಂದೇ ಊಟದಲ್ಲಿ ಸೇರಬಾರದು. ನಿಯಮ ಪಾಲಿಸುವ ಮನೆಗಳಲ್ಲಿ ಮಾಂಸಕ್ಕೊಂದು, ಹಾಲಿನ ಪದಾರ್ಥಕ್ಕೊಂದು ಅಂತ ಪಾತ್ರೆ, ತಟ್ಟೆ, ಚಮಚ ಎರಡೆರಡು ಜೊತೆ ಇರುತ್ತವೆ. ನಿಯಮಕ್ಕೆ ಒಪ್ಪುವುದು ಕೋಷರ್. ಒಪ್ಪದ್ದು ಟ್ರೇಫ್.

ಮೊದಲ ಮೇಜು

ನನ್ನ ಕೈಗೆ ಬಂದ ಪಟ್ಟಿಯಲ್ಲಿ ಇದ್ದದ್ದು: ಜಡೆಯಂತೆ ಹೆಣೆದ ಹಲ್ಲಾ ಬ್ರೆಡ್, ಹುಳಿ ಬರಿಸದ ರೊಟ್ಟಿಯ ಪುಡಿಯ ಉಂಡೆ ಹಾಕಿದ ಮಟ್ಸಾ ಬಾಲ್ ಸೂಪ್, ಅರೆದ ಮೀನಿನ ಗೆಫಿಲ್ಟೆ ಫಿಶ್, ದನದ ಎದೆಭಾಗದ ಮಾಂಸದ ಬ್ರಿಸ್ಕೆಟ್, ಬೆಣ್ಣೆ ಹಾಕಿದ ಆಲೂಗಡ್ಡೆ, ಕೊನೆಗೆ ಚೀಸ್‌ಕೇಕ್. ಪರೀಕ್ಷೆಗೆ ಅಂತ ಒಂದು ದಿನ ಇಷ್ಟನ್ನೂ ಜೋಡಿಸಿ ಚಿತ್ರೀಕರಿಸಿದರು. ನೋಡುವುದಕ್ಕೆ ಸೊಗಸಾಗಿತ್ತು. ಬ್ರಿಸ್ಕೆಟ್ ಮೇಲೆ ಎಣ್ಣೆ ಸವರಿದ್ದರಿಂದ ದೀಪದ ಬೆಳಕಿಗೆ ಮಿರಮಿರ ಮಿಂಚುತ್ತಿತ್ತು.

ತೊಂದರೆ ಎರಡು ಬಗೆಯದು. ಮೊದಲನೆಯದು ಯಾರಾದರೂ ಹಿಡಿಯಬಹುದಾದದ್ದು. ದನದ ಮಾಂಸದ ಪಕ್ಕದಲ್ಲೇ ಬೆಣ್ಣೆ, ಆಮೇಲೆ ಚೀಸು. ಚಿತ್ರಕಥೆಯಲ್ಲಿ ಈ ಅಜ್ಜಿ ಕೋಷರ್ ಪಾಲಿಸುವವಳು. ಅವಳ ಮನೆಯಲ್ಲಿ ಇದು ಆಗುವ ಮಾತೇ ಅಲ್ಲ. ಮೇಣದಬತ್ತಿಯದ್ದೂ ಅದೇ ಕಥೆ. ಶುಕ್ರವಾರ ಸಂಜೆಯಿಂದ ಶನಿವಾರ ರಾತ್ರಿಯವರೆಗೆ ಯಹೂದಿಗಳ ವಿಶ್ರಾಂತಿಯ ದಿನ, ಅದೇ ಶಬ್ಬತ್. ಶಬ್ಬತ್‌ನ ದೀಪವನ್ನು ಸೂರ್ಯ ಮುಳುಗುವ ಮೊದಲು, ರೂಢಿಯಲ್ಲಿ 18 ನಿಮಿಷ ಮೊದಲು, ಹಚ್ಚಬೇಕು. ಡಿಸೆಂಬರಿನಲ್ಲಿ ನ್ಯೂಯಾರ್ಕಿನಲ್ಲಿ ಸುಮಾರು ನಾಲ್ಕೂವರೆಗೇ ಸೂರ್ಯ ಮುಳುಗುತ್ತಾನೆ. ಚಿತ್ರಕಥೆಯಲ್ಲಿ ಮೊಮ್ಮಗ ಆಫೀಸು ಮುಗಿಸಿ ಏಳು ಗಂಟೆಗೆ ಬಂದಮೇಲೆ, ಕಿಟಕಿಯಾಚೆ ಕತ್ತಲಿರುವಾಗ, ಅಜ್ಜಿ ದೀಪ ಹಚ್ಚುತ್ತಿದ್ದಳು. ಕತ್ತಲಾದ ಮೇಲೆ ಬೆಂಕಿ ಹಚ್ಚುವುದು ಶಬ್ಬತ್ ಮುರಿದಂತೆ.

ಎರಡನೆಯ ತೊಂದರೆ ಹೇಳುವುದು ಕಷ್ಟ. ಮೇಜು ‘ಇವರು ಯಹೂದಿಗಳು’ ಅಂತ ಜೋರಾಗಿ ಕೂಗುತ್ತಿತ್ತು. ಯಾವ ಯಹೂದಿಗಳು, ಈ ಅಜ್ಜಿ ಎಂಥವಳು ಅನ್ನುವುದರ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ. ನಿರ್ಮಾಪಕರು ರಷಸ್, ಅಂದರೆ ಚಿತ್ರೀಕರಿಸಿದ ಹಸಿ ತುಣುಕುಗಳನ್ನು ನೋಡಿ, ‘ಇದು ಯಾರ ಮನೆ ಬೇಕಾದರೂ ಆಗಬಹುದು’ ಅಂದರು. ನಿರ್ದೇಶಕಿ ಅದನ್ನೇ ಮೆಚ್ಚುಗೆ ಅಂತ ತಿಳಿದುಕೊಂಡರು. ನಿರ್ಮಾಪಕರು ಹೇಳಿದ್ದು ದೂರು.

ಸರಿಪಡಿಸಿದ ಮೇಜು

ಇಂಥ ಕಡೆ ಎಲ್ಲರೂ ಮಾಡುವುದನ್ನೇ ನಾವೂ ಮಾಡಿದೆವು. ತಿಳಿದವರೊಬ್ಬರನ್ನು ಸಲಹೆಗೆ ಕರೆದೆವು. ಬೆಣ್ಣೆ ಹೋಗಿ, ಎಣ್ಣೆಯಿಂದ ಮಾಡಿದ ಹಾಲಿಲ್ಲದ ಮಾರ್ಗರೀನ್ ಬಂತು. ಚೀಸ್‌ಕೇಕ್ ಹೋಗಿ ಹಾಲಿಲ್ಲದ ಸೇಬಿನ ಕೇಕ್ ಬಂತು. ಹಲ್ಲಾ ಒಂದಿದ್ದದ್ದು ಎರಡಾಯಿತು, ಯಾಕಂದ್ರೆ ಶಬ್ಬತ್ ಊಟಕ್ಕೆ ಎರಡು ಇಡಬೇಕು. ಅವುಗಳ ಮೇಲೊಂದು ಕಸೂತಿ ಬಟ್ಟೆ. ದ್ರಾಕ್ಷಾರಸದ ಮೇಲಿನ ಪ್ರಾರ್ಥನೆ ಮುಗಿಯುವವರೆಗೆ ಬ್ರೆಡ್ಡು ಮುಚ್ಚಿಯೇ ಇರಬೇಕು. ಪ್ರತಿ ಟೇಕಿಗೂ ಒಂದೊಂದು ಹಲ್ಲಾ ಮುರಿಯಬೇಕಾದ್ದರಿಂದ ಬುಟ್ಟಿ ತುಂಬ ತರಿಸಿಟ್ಟೆ.

ಮೇಣದಬತ್ತಿಯ ವಿಷಯದಲ್ಲಿ ಈ ತಿದ್ದುಪಡಿ ಕಥೆಗೇ ಲಾಭವಾಯಿತು. ದೀಪ ಹಚ್ಚುವ ದೃಶ್ಯವನ್ನೇ ತೆಗೆದುಹಾಕಿದರು. ಮೊಮ್ಮಗ ಬಾಗಿಲು ತೆಗೆದು ಒಳಗೆ ಬಂದಾಗ ಬತ್ತಿ ಆಗಲೇ ಅರ್ಧ ಉರಿದಿರುತ್ತದೆ. ಅವನು ತಡವಾಗಿ ಬಂದಿದ್ದಾನೆ. ಅಂದರೆ ಶಬ್ಬತ್ ಶುರುವಾದ ಮೇಲೆ ಕಾರು ಓಡಿಸಿಕೊಂಡು ಬಂದಿದ್ದಾನೆ. ಅದೂ ನಿಷಿದ್ಧವೇ. ಅಜ್ಜಿ ಬತ್ತಿ ಕಡೆ ಒಮ್ಮೆ ನೋಡುತ್ತಾಳೆ, ಹೇಗೆ ಬಂದೆ ಅಂತ ಕೇಳುವುದಿಲ್ಲ. ಇಷ್ಟರಲ್ಲೇ ಅವರಿಬ್ಬರ ಸಂಬಂಧ ತಿಳಿದುಬಿಡುತ್ತದೆ.

ಊಟದಲ್ಲಿ ಮಾತ್ರ ಆ ಜೀವ ಬರಲಿಲ್ಲ. ಎಲ್ಲ ಸರಿ ಇತ್ತು, ಅಷ್ಟೇ. ಮ್ಯೂಸಿಯಮ್ಮಿನಲ್ಲಿ ಚೀಟಿ ಅಂಟಿಸಿ ಇಟ್ಟ ಹಾಗೆ. ನಿಯಮ ಪುಸ್ತಕದ ಪ್ರಕಾರ ಪೂರ್ತಿ ಪಾಲಿಸುವ ಅಜ್ಜಿ ಮೊಮ್ಮಗನ ಮದುವೆಗೆ ಒಪ್ಪುವುದು ಹೇಗೆ? ಒಪ್ಪದಿದ್ದರೆ ಚಿತ್ರ ಎಲ್ಲಿಗೆ ಹೋಗುತ್ತದೆ? ನಿರ್ದೇಶಕಿ ಕೊನೆಯ ದೃಶ್ಯವನ್ನು ಹಲವು ಸಲ ಬರೆದರು. ಒಂದರಲ್ಲಿ ಅಜ್ಜಿ ಅಳುತ್ತಾಳೆ. ಒಂದರಲ್ಲಿ ಹುಡುಗಿಗೆ ಹಲ್ಲಾ ಹೆಣೆಯುವುದನ್ನು ಕಲಿಸುತ್ತಾಳೆ. ಎರಡೂ ಎಲ್ಲೋ ನೋಡಿದಂತಿತ್ತು.

ಹಿತ್ತಲಿನ ಪಿಜ್ಜಾ

ತಿರುವು ಬಂದದ್ದು ಚಿತ್ರಕಥೆಯಿಂದಲ್ಲ, ಜಾಗ ನೋಡುವುದಕ್ಕೆ ಹೋದ ದಿನದ ಮಧ್ಯಾಹ್ನದ ಊಟದಿಂದ.

ಚಿತ್ರೀಕರಣಕ್ಕೆ ಸಿಕ್ಕ ಮನೆ ವಯಸ್ಸಾದ ಒಬ್ಬ ಯಹೂದಿ ಹೆಂಗಸಿನದು. ಕೋಷರ್ ಅಡುಗೆಮನೆ. ಎರಡು ಸಿಂಕು, ಬೇರೆ ಬೇರೆ ಬಣ್ಣದ ಒರೆಸುವ ಬಟ್ಟೆ, ಕಪಾಟಿನ ಬಾಗಿಲಿಗೆ ಅಂಟಿಸಿದ ಪುಟ್ಟ ಚೀಟಿಗಳು. ಆ ದಿನ ತಂಡದ ಹುಡುಗನೊಬ್ಬ ಯೋಚನೆ ಮಾಡದೆ ಎಲ್ಲರಿಗೂ ಪೆಪ್ಪರೋನಿ ಪಿಜ್ಜಾ ತರಿಸಿಬಿಟ್ಟ. ಹಂದಿ ಮಾಂಸ, ಅದರ ಮೇಲೆ ಚೀಸು. ಒಂದೇ ತುತ್ತಿನಲ್ಲಿ ಎರಡು ನಿಯಮ ಮುರಿಯುವ ತಿಂಡಿ. ಡಬ್ಬಿ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತ. ನಿರ್ದೇಶಕಿಯ ಮುಖ ಬಿಳಿಚಿಕೊಂಡಿತು.

ಆ ಅಮ್ಮ ಬೈಯಲಿಲ್ಲ. ಮೇಲಿನ ಕಪಾಟು ತೆಗೆದು ಪೇಪರ್ ಪ್ಲೇಟಿನ ಒಂದು ಕಟ್ಟು, ಪೇಪರ್ ನ್ಯಾಪ್‌ಕಿನ್ನು ಕೊಟ್ಟರು. ‘ಹಿತ್ತಲಿಗೆ ಹೋಗಿ ತಿನ್ನಿ. ಡಬ್ಬಿ ಒಳಗೆ ತರಬೇಡಿ, ಹೊರಗಿನ ಕಸದ ಬುಟ್ಟಿಗೇ ಹಾಕಿ,’ ಅಂದರು. ಆಮೇಲೆ ತಾವೇ ನಗುತ್ತಾ ಹೇಳಿದರು: ತಮ್ಮ ತಾಯಿ ಭಾನುವಾರದ ದಿನ ಹೋಟೆಲಿನಿಂದ ಚೈನೀಸ್ ಊಟ ತರಿಸುತ್ತಿದ್ದರಂತೆ. ಮನೆಯ ತಟ್ಟೆಗೆ ಹಾಕುತ್ತಿರಲಿಲ್ಲ. ನೆಲಮಾಳಿಗೆಯಲ್ಲಿ, ಪೇಪರ್ ಪ್ಲೇಟಿನಲ್ಲಿ, ಪ್ಲಾಸ್ಟಿಕ್ ಫೋರ್ಕಿನಲ್ಲಿ ಮನೆಮಂದಿಯೆಲ್ಲ ತಿಂದು, ಎಲ್ಲವನ್ನೂ ಚೀಲದಲ್ಲಿ ಕಟ್ಟಿ ಎಸೆದು ಮೇಲೆ ಬರುತ್ತಿದ್ದರಂತೆ. ‘ಅಡುಗೆಮನೆ ಕೋಷರ್ ಆಗಿಯೇ ಇತ್ತು. ನಾವು ಆಗಿರಲಿಲ್ಲ, ಅಷ್ಟೇ.’

ತಂಡದಲ್ಲಿ ಇದು ಬೇಗ ಅರ್ಥವಾದದ್ದು ನನಗೇ ಅಂತ ಕಾಣುತ್ತದೆ. ನಮ್ಮ ಕಡೆ ಮಡಿ ಮುಸುರೆ ನೋಡುವ ಮನೆಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾ? ಅನ್ನ ಮುಟ್ಟಿದ ಕೈಯಲ್ಲಿ ಮೊಸರಿನ ಗಡಿಗೆ ಮುಟ್ಟಬೇಡ ಅನ್ನುವ ಮನೆಯ ಹಿತ್ತಲಲ್ಲೇ, ಬೇರೆ ಸ್ಟವ್ವಿನ ಮೇಲೆ, ಬೇರೆ ಬಾಣಲೆಯಲ್ಲಿ ಮಗನಿಗೆ ಆಮ್ಲೆಟ್ ಆಗುತ್ತದೆ. ಅಮ್ಮನಿಗೆ ಗೊತ್ತು. ಅಜ್ಜಿಗೂ ಗೊತ್ತು. ಬಾಣಲೆ ಒಳಗೆ ಬರಬಾರದು ಅಷ್ಟೇ.

ಚೈನೀಸ್ ಊಟದ ಹಿಂದೆ ದೊಡ್ಡ ಚರಿತ್ರೆಯೇ ಇದೆ. ಮ್ಯಾನ್‌ಹ್ಯಾಟನ್ನಿನ ಲೋವರ್ ಈಸ್ಟ್ ಸೈಡಿನಲ್ಲಿ ಯಹೂದಿ ವಲಸಿಗರ ಬೀದಿಗಳು ಮತ್ತು ಚೈನಾಟೌನ್ ಅಕ್ಕಪಕ್ಕ ಇದ್ದವು. ಚೈನೀಸ್ ಅಡುಗೆಯಲ್ಲಿ ಹಾಲು ಬಳಸುವುದು ತೀರಾ ಕಡಿಮೆ. ಹಾಗಾಗಿ ಮಾಂಸ ಹಾಲು ಸೇರುವ ತಾಪತ್ರಯ ಇಲ್ಲ. ಹಂದಿ, ಸೀಗಡಿ ಇದ್ದರೂ ಸಣ್ಣಗೆ ಕೊಚ್ಚಿರುವುದರಿಂದ ಕಣ್ಣಿಗೆ ಕುಕ್ಕುವುದಿಲ್ಲ. ಗೇ ಟಕ್‌ಮನ್ ಮತ್ತು ಹ್ಯಾರಿ ಲೆವಿನ್ ಅನ್ನುವ ಇಬ್ಬರು ಸಮಾಜಶಾಸ್ತ್ರಜ್ಞರು 1990ರ ದಶಕದ ಆರಂಭದಲ್ಲಿ ಬರೆದ ಪ್ರಬಂಧದಲ್ಲಿ ಇದನ್ನು ‘ಸೇಫ್ ಟ್ರೇಫ್’ ಅಂತ ಕರೆದರು. ಕ್ರಿಸ್‌ಮಸ್ ದಿನ ಊರೆಲ್ಲ ಬಾಗಿಲು ಹಾಕಿದ್ದರೂ ಚೈನೀಸ್ ಹೋಟೆಲು ತೆರೆದಿರುತ್ತದೆ. 2010ರಲ್ಲಿ ಎಲೆನಾ ಕೇಗನ್ ಸುಪ್ರೀಂ ಕೋರ್ಟಿಗೆ ನೇಮಕವಾಗುವ ಮೊದಲು ಸೆನೆಟ್ ವಿಚಾರಣೆಯಲ್ಲಿ, ಕ್ರಿಸ್‌ಮಸ್ ದಿನ ಎಲ್ಲಿದ್ದಿರಿ ಅಂತ ಕೇಳಿದ್ದಕ್ಕೆ, ಎಲ್ಲ ಯಹೂದಿಗಳ ಹಾಗೆ ಬಹುಶಃ ಚೈನೀಸ್ ಹೋಟೆಲಿನಲ್ಲಿದ್ದೆ ಅಂದರು. ಸಭೆ ಗೊಳ್ಳೆಂದು ನಕ್ಕಿತು.

ನಿರ್ದೇಶಕಿ ಅವತ್ತೇ ಕೊನೆಯ ದೃಶ್ಯ ಬದಲಿಸಿದರು. ಶುಕ್ರವಾರದ ಊಟ ಮಾತಿಲ್ಲದೆ, ಬಿಗುವಿನಲ್ಲಿ ಮುಗಿಯುತ್ತದೆ. ಭಾನುವಾರ ಮಧ್ಯಾಹ್ನ ಅಜ್ಜಿ ಮೊಮ್ಮಗನಿಗೆ ಫೋನ್ ಮಾಡಿ, ಆ ಹುಡುಗಿಯನ್ನೂ ಕರ್ಕೊಂಡು ಬಾ ಅನ್ನುತ್ತಾಳೆ. ನೆಲಮಾಳಿಗೆಯಲ್ಲಿ ಚೈನೀಸ್ ಡಬ್ಬಿಗಳು, ಪೇಪರ್ ಪ್ಲೇಟು. ಮದುವೆಯ ಬಗ್ಗೆ ಯಾರೂ ಮಾತಾಡುವುದಿಲ್ಲ.

ಕೋಷರ್ ಮನೆಯಲ್ಲಿ ಸೀಗಡಿ

ಈಗ ತಲೆನೋವು ನನಗೆ. ದೃಶ್ಯದಲ್ಲಿ ಸೀಗಡಿ ಬೇಕು, ಆದರೆ ಚಿತ್ರೀಕರಣದ ಮನೆಗೆ ಸೀಗಡಿ ಒಯ್ಯುವಂತಿಲ್ಲ. ಹಿತ್ತಲಿನಲ್ಲಿ ಪಿಜ್ಜಾ ತಿಂದದ್ದು ಬೇರೆ ಮಾತು. ಅವರ ಮನೆಯೊಳಗೆ ಅದನ್ನು ಇಡೀ ದಿನ ದೀಪದ ಕೆಳಗೆ ಹರಡಿಕೊಂಡು ಕೂರುವುದು ಬೇರೆ ಮಾತು. ನಿರ್ಮಾಪಕರು ಬೇರೆ ಮನೆ ಹುಡುಕೋಣ ಅಂದರು. ನಿರ್ದೇಶಕಿ ಒಪ್ಪಲಿಲ್ಲ. ಈ ನೆಲಮಾಳಿಗೆಯೇ ಬೇಕು.

ದಾರಿ ಕ್ವೀನ್ಸ್‌ನಲ್ಲೇ ಸಿಕ್ಕಿತು. ಅಲ್ಲಿ ಕೋಷರ್ ಚೈನೀಸ್ ಹೋಟೆಲುಗಳಿವೆ. ಮೀನನ್ನು ಅರೆದು, ಬಣ್ಣ ಹಾಕಿ, ಅಚ್ಚು ಸೀಗಡಿಯ ಆಕಾರದಲ್ಲೇ ಮಾಡಿದ ಕೋಷರ್ ಸೀಗಡಿಯೂ ಸಿಗುತ್ತದೆ. ಕ್ಯಾಮೆರಾಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಆ ಅಮ್ಮ ಒಪ್ಪಿದರು, ಒಂದು ಷರತ್ತಿನ ಮೇಲೆ. ಹೋಟೆಲಿನ ಮುದ್ರೆ ಇರುವ ಚೀಲ ಚೌಕಟ್ಟಿನಾಚೆ, ಆದರೆ ಕೋಣೆಗೆ ಬಂದವರ ಕಣ್ಣಿಗೆ ಬೀಳುವಂತೆ ಇರಬೇಕು. ಯಾರಾದರೂ ತಪ್ಪು ತಿಳಿದಾರು ಅನ್ನೋದು ಅವರ ಕಾಳಜಿ. ಇದು ಅವರ ಸ್ವಂತ ಅಂಜಿಕೆಯಲ್ಲ, ಹಳೆಯ ಸಂಪ್ರದಾಯವೇ. ಬಾದಾಮಿ ಹಾಲಿನಲ್ಲಿ ಮಾಂಸ ಬೇಯಿಸಿದರೆ ಪಕ್ಕದಲ್ಲಿ ನಾಲ್ಕು ಬಾದಾಮಿ ಇಡಬೇಕು, ನೋಡಿದವರು ಹಸುವಿನ ಹಾಲು ಅಂದುಕೊಳ್ಳಬಾರದು ಅಂತ ಶಾಸ್ತ್ರಕಾರರು ಶತಮಾನಗಳ ಹಿಂದೆಯೇ ಬರೆದಿದ್ದಾರೆ.

ತಂಡದಲ್ಲಿ ಶಬ್ಬತ್ ಪಾಲಿಸುವವರೊಬ್ಬರು ಇದ್ದರು. ಹೀಗಾಗಿ ಶುಕ್ರವಾರ ರಾತ್ರಿಯ ಊಟದ ದೃಶ್ಯವನ್ನು ಶುಕ್ರವಾರ ಚಿತ್ರೀಕರಿಸುವಂತಿರಲಿಲ್ಲ. ಎರಡೂ ಊಟಗಳನ್ನು ಭಾನುವಾರಗಳಂದೇ ಮುಗಿಸಿದೆವು.

ನೋಡಿದವರು ಏನಂದರು

ಮೊದಲ ಆವೃತ್ತಿಯನ್ನು ಎರಡು ಬಗೆಯ ಜನರಿಗೆ ತೋರಿಸಿದರು. ಯಹೂದಿ ಹಿರಿಯರು ಸೇರಿದ್ದ ಕಡೆ, ಅಜ್ಜಿ ಮೇಲಿನ ಕಪಾಟಿಗೆ ಕೈ ಹಾಕಿದ ತಕ್ಷಣ ನಗು ಶುರು. ಪೇಪರ್ ಪ್ಲೇಟು ಕಾಣಿಸುವ ಮೊದಲೇ ಅವರಿಗೆ ಗೊತ್ತಾಗಿತ್ತು. ಚಿತ್ರ ಕಲಿಯುವ ವಿದ್ಯಾರ್ಥಿಗಳ ನಡುವೆ ತೋರಿಸಿದಾಗ ಸದ್ದೇ ಇಲ್ಲ. ಪಾತ್ರೆ ತೊಳೆಯೋಕೆ ಬೇಜಾರು ಅಂತ ಅಜ್ಜಿ ಪೇಪರ್ ಪ್ಲೇಟು ತಂದಳು ಅಂದುಕೊಂಡವರೇ ಜಾಸ್ತಿ.

ಇಲ್ಲಿ ಚಿತ್ರ ಕೆಡುವ ಸಾಧ್ಯತೆ ಬಹಳ ಇತ್ತು. ಮೊಮ್ಮಗನ ದನಿಯಲ್ಲಿ ಹಿನ್ನೆಲೆ ವಿವರಣೆ ಹಾಕಿ ನೋಡಿದರು: ಕೋಷರ್ ಅಂದರೇನು, ಎರಡು ಜೊತೆ ತಟ್ಟೆ ಯಾಕೆ, ಇತ್ಯಾದಿ. ಎಲ್ಲರಿಗೂ ಅರ್ಥವಾಯಿತು, ಯಾರಿಗೂ ನಗು ಬರಲಿಲ್ಲ. ಹಿರಿಯರಿಗಂತೂ ತಮ್ಮ ಮನೆಯ ಗುಟ್ಟನ್ನು ಪರರ ಮುಂದೆ ಪಾಠ ಮಾಡಿದಂತಾಯಿತು. ವಿವರಣೆ ಕಿತ್ತುಹಾಕಿದರು.

ಕೊನೆಗೆ ಉಳಿದದ್ದು ಒಂದೇ ಒಂದು ಹೊಸ ಶಾಟ್. ಅದಕ್ಕಾಗಿ ಆ ಮನೆಗೆ ಮತ್ತೆ ಹೋಗಬೇಕಾಯಿತು. ಹುಡುಗಿ ಸಹಾಯ ಮಾಡೋಣ ಅಂತ ಪಿಂಗಾಣಿ ತಟ್ಟೆಗಳ ಕಡೆ ಕೈ ಚಾಚುತ್ತಾಳೆ. ಅಜ್ಜಿ ಥಟ್ಟನೆ ಅವಳ ಮಣಿಕಟ್ಟು ಹಿಡಿಯುತ್ತಾಳೆ. ಒಂದು ಕ್ಷಣ ಹುಡುಗಿಗೂ ನಮಗೂ ಗಾಬರಿ. ಹಿಡಿದ ಆ ಕೈಯನ್ನೇ ತಿರುಗಿಸಿ, ಅಂಗೈ ಮೇಲೆ ಪೇಪರ್ ಪ್ಲೇಟು ಇಡುತ್ತಾಳೆ. ಮಾತಿಲ್ಲ. ಆಮೇಲೆ ನೋಡಿದ ವಿದ್ಯಾರ್ಥಿಗಳಿಗೆ ಕೋಷರ್ ನಿಯಮ ಗೊತ್ತಾಗಲಿಲ್ಲ, ಆದರೆ ಆ ಮನೆಯಲ್ಲಿ ಒಂದು ಗೆರೆ ಇದೆ, ಅಜ್ಜಿ ಅದರ ಈಚೆ ಹುಡುಗಿಯನ್ನೂ ಕೂರಿಸಿಕೊಂಡಳು ಅನ್ನೋದು ಗೊತ್ತಾಯಿತು. ಅಷ್ಟು ಸಾಕಾಗಿತ್ತು.

ಎಲ್ಲರೂ ಒಪ್ಪಿದರು ಅಂತಲ್ಲ. ಆಚರಣೆ ಪಾಲಿಸುವ ಹಿರಿಯರೊಬ್ಬರು ಪ್ರದರ್ಶನದ ನಂತರ ಎದ್ದು ನಿಂತು, ‘ನಮ್ಮ ಬಗ್ಗೆ ಚಿತ್ರ ಮಾಡುವವರಿಗೆಲ್ಲ ನಾವು ನಿಯಮ ಮುರಿಯುವುದೇ ಯಾಕೆ ಇಷ್ಟ? ಪಾಲಿಸುವುದರಲ್ಲಿ ಕಥೆ ಇಲ್ಲವಾ?’ ಅಂದರು. ಈ ಆಕ್ಷೇಪದಲ್ಲಿ ಹುರುಳಿದೆ. ಮೈಸೆಲ್‌ಳ ಸೀಗಡಿಯಿಂದ ಹಿಡಿದು ನಮ್ಮ ಸೀಗಡಿಯವರೆಗೆ ನಗು ಬರುವುದು ಮುರಿದಾಗಲೇ. 2013ರಲ್ಲಿ ಶುರುವಾದ ಇಸ್ರೇಲಿನ ‘ಶ್ತಿಸೆಲ್’ ಸರಣಿ ಈ ಪ್ರಶ್ನೆಗೆ ಒಳ್ಳೆಯ ಉತ್ತರ. ಜೆರುಸಲೇಮಿನ ಕಟ್ಟಾ ಸಂಪ್ರದಾಯಸ್ಥ ಕುಟುಂಬದ ಕಥೆ ಅದು. ಅಪ್ಪ ಮಗ ಅಡುಗೆಮನೆ ಮೇಜಿನಲ್ಲಿ ಕೂತು ತಿನ್ನುತ್ತಲೇ ಇರುತ್ತಾರೆ, ಜಗಳವೂ ಅಲ್ಲೇ, ರಾಜಿಯೂ ಅಲ್ಲೇ. ಊಟ ಯಾರಿಗೂ ಏನನ್ನೂ ಸಾಬೀತು ಮಾಡಬೇಕಾಗಿಲ್ಲ. ನಿರ್ದೇಶಕಿ ಆ ಹಿರಿಯರಿಗೆ ಇಷ್ಟೇ ಹೇಳಿದರು: ‘ನನ್ನ ಅಜ್ಜಿ ತನ್ನ ತಟ್ಟೆಗಳನ್ನು ಕೊನೆಯವರೆಗೂ ಕೋಷರ್ ಆಗಿ ಇಟ್ಟುಕೊಂಡರು. ಅದೂ ಪಾಲನೆಯೇ ಅಂತ ನಾನು ತಿಳಿದಿದ್ದೇನೆ.’ ಅವರು ಒಪ್ಪಲಿಲ್ಲ. ಆದರೂ ಜಗಳವಾಗಲಿಲ್ಲ.

ಕೆಲಸದ ಮಟ್ಟಿಗೆ ಉಳಿದದ್ದು

ಕೊನೆಯ ಪ್ರತಿ ಸಿದ್ಧವಾಗುವ ಮೊದಲು ಮನೆಯೊಡತಿಗೆ ಚಿತ್ರ ತೋರಿಸಿದೆವು. ಅವರು ಹಿಡಿದದ್ದನ್ನು ನಾವು ಯಾರೂ, ಸಲಹೆಗಾರರೂ, ಹಿಡಿದಿರಲಿಲ್ಲ. ನೆಲಮಾಳಿಗೆಯ ಒಂದು ಶಾಟಿನಲ್ಲಿ ಮೊಮ್ಮಗನ ಕೈಯಲ್ಲಿ ಸ್ಟೀಲ್ ಫೋರ್ಕ್ ಇತ್ತು. ಕಲಾವಿದ ಪ್ಲಾಸ್ಟಿಕ್ ಫೋರ್ಕ್ ಮುರಿದು ಹೋಗಿದ್ದಕ್ಕೆ ಕೈಗೆ ಸಿಕ್ಕಿದ್ದನ್ನು ತೆಗೆದುಕೊಂಡಿದ್ದ. ‘ತಟ್ಟೆ ಎಸೆಯುತ್ತಾಳೆ ಸರಿ, ಆ ಫೋರ್ಕ್ ಏನು ಮಾಡುತ್ತಾಳೆ ನಿಮ್ಮ ಅಜ್ಜಿ?’ ಅಂತ ಕೇಳಿದರು. ಆ ಫೋರ್ಕ್ ಮೇಲಕ್ಕೆ, ಅಡುಗೆಮನೆಗೆ ಹೋದರೆ ಇಡೀ ದೃಶ್ಯದ ಅರ್ಥವೇ ಹೋಯಿತು, ಅಲ್ವಾ? ಆ ಎರಡು ಸೆಕೆಂಡ್ ಕತ್ತರಿಸಿ ಡಬ್ಬಿಯ ಕ್ಲೋಸಪ್ ಹಾಕಿದರು.

ಇದಾದ ಮೇಲೆ ನನ್ನ ಪಟ್ಟಿಯ ರೀತಿ ಬದಲಾಗಿದೆ. ಮೊದಲೆಲ್ಲ ಪದಾರ್ಥದ ಹೆಸರು, ಎಷ್ಟು ಬೇಕು, ಎಲ್ಲಿ ಸಿಗುತ್ತದೆ ಅಂತ ಮೂರು ಸಾಲು ಇರುತ್ತಿದ್ದವು. ಈಗ ಚಿತ್ರಕಥೆಯವರನ್ನು ಕೂರಿಸಿಕೊಂಡು ಇನ್ನೂ ಕೆಲವನ್ನು ಕೇಳಿ ಬರೆಸಿಕೊಳ್ಳುತ್ತೇನೆ. ಈ ತಟ್ಟೆ ಮನೆಯ ಯಾವ ಕಪಾಟಿನದು? ಯಾರು ಬಡಿಸುತ್ತಾರೆ? ಯಾರು ಮುಟ್ಟುವುದಿಲ್ಲ? ಉಳಿದದ್ದು ಎಲ್ಲಿಗೆ ಹೋಗುತ್ತದೆ? ಇವಕ್ಕೆ ಉತ್ತರ ಇಲ್ಲದಿದ್ದರೆ ದೃಶ್ಯ ಇನ್ನೂ ಬರೆದಾಗಿಲ್ಲ ಅಂತ ಅರ್ಥ. ಬ್ರಿಸ್ಕೆಟ್ ಆರ್ಡರ್ ಮಾಡುವುದನ್ನು ಒಂದು ವಾರ ಮುಂದಕ್ಕೆ ಹಾಕುತ್ತೇನೆ. ನಿರ್ಮಾಪಕರು ಗೊಣಗುತ್ತಾರೆ, ಗೊಣಗಲಿ.